ಫಾರ್ಮ್ಯಾಟ್ ಹೊಡೆಸುವ ಮುನ್ನ

ಪಾಸ್‌ವರ್ಡ್ ಮರೆತು ಲ್ಯಾಪ್‌ಟಾಪ್ ಹಿಡಿದುಕೊಂಡು ತುಮಕೂರಿನ ಬಿ.ಎಚ್. ರಸ್ತೆಯ ಕಂಪ್ಯೂಟರ್ ಅಂಗಡಿಗೆ ಹೋಗಿ, ಇಲ್ಲವೇ ಗುಬ್ಬಿ, ಕುಣಿಗಲ್ ಪೇಟೆಯಲ್ಲೇ ಕೇಳಿ. ಬಹಳ ಸಲ ಸಿಗುವ ಉತ್ತರ ಒಂದೇ: ‘ಫಾರ್ಮ್ಯಾಟ್ ಹೊಡೆದು ಹೊಸದಾಗಿ ವಿಂಡೋಸ್ ಹಾಕ್ಬೇಕು.’ ಯಂತ್ರವೇನೋ ತೆರೆದುಕೊಳ್ಳುತ್ತದೆ. ಆದರೆ ಮಗಳ ಪ್ರಾಜೆಕ್ಟ್ ವರದಿ, ಅಡಿಕೆ ವ್ಯಾಪಾರದ ಲೆಕ್ಕ, ಮದುವೆ ಫೋಟೊ ಎಲ್ಲವೂ ಅಳಿಸಿಹೋಗುತ್ತವೆ. ಫಾರ್ಮ್ಯಾಟ್ ಕೊನೆಯ ದಾರಿ, ಮೊದಲನೆಯದಲ್ಲ.

ಕೀಬೋರ್ಡ್ ನೋಡಿ

ಮರೆತೆವೆಂದುಕೊಂಡ ಪಾಸ್‌ವರ್ಡ್ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಕ್ಯಾಪ್ಸ್ ಲಾಕ್ ಬಿದ್ದಿರಬಹುದು, ಕೀಬೋರ್ಡ್ ಕನ್ನಡಕ್ಕೆ ತಿರುಗಿರಬಹುದು. ಲಾಗಿನ್ ಪರದೆಯ ಬಲಗಡೆ ಕೆಳಗೆ ಭಾಷೆಯ ಗುರುತಿದ್ದರೆ ಅದನ್ನು ಇಂಗ್ಲಿಷಿಗೆ ಬದಲಿಸಿ. ಪಾಸ್‌ವರ್ಡ್ ಪಕ್ಕದ ಕಣ್ಣಿನ ಚಿತ್ರ ಒತ್ತಿದರೆ ಟೈಪ್ ಮಾಡಿದ್ದೂ ಕಾಣುತ್ತದೆ.

ಖಾತೆ ಯಾರದು?

ಇಮೇಲ್ ಕೊಟ್ಟು ತೆರೆದ ಮೈಕ್ರೋಸಾಫ್ಟ್ ಖಾತೆಯಾದರೆ, ಮೊಬೈಲಿನಲ್ಲೇ ಕಂಪನಿಯ ಜಾಲತಾಣಕ್ಕೆ ಹೋಗಿ ಹೊಸ ಪಾಸ್‌ವರ್ಡ್ ಇಡಬಹುದು. ದೃಢೀಕರಣದ ಕೋಡ್ ನೋಂದಾಯಿತ ಫೋನಿಗೋ ಇನ್ನೊಂದು ಇಮೇಲ್‌ಗೋ ಬರುತ್ತದೆ. ತೊಡಕಿರುವುದು ಇಲ್ಲೇ. ವಿಂಡೋಸ್ ಹಾಕಿಕೊಟ್ಟವರು ತಮ್ಮದೇ ಇಮೇಲ್ ಕೊಟ್ಟಿದ್ದರೆ, ಕೊಟ್ಟ ಸಿಮ್ ಬಂದಾಗಿದ್ದರೆ, ಉಳುಮೆ ನಮ್ಮದು, ಪಹಣಿ ಬೇರೆಯವರ ಹೆಸರಲ್ಲಿ ಎಂಬಂತಾಗುತ್ತದೆ. ಹಳೆಯ ಭದ್ರತಾ ವಿವರಗಳನ್ನೆಲ್ಲ ಒಟ್ಟಿಗೆ ಬದಲಿಸಿದರೆ 30 ದಿನ ಕಾಯಬೇಕು.

ಇಮೇಲ್ ಇಲ್ಲದ ಲೋಕಲ್ ಖಾತೆಯೇ? 2018ರಿಂದ ವಿಂಡೋಸ್ 10ರಲ್ಲಿ ಭದ್ರತಾ ಪ್ರಶ್ನೆಗಳಿವೆ. ಖಾತೆ ತೆರೆಯುವಾಗ ಅವಕ್ಕೆ ಉತ್ತರ ಕೊಟ್ಟಿದ್ದರೆ, ಪಾಸ್‌ವರ್ಡ್ ತಪ್ಪಾದಾಗ ಬರುವ ರೀಸೆಟ್ ಕೊಂಡಿ ಒತ್ತಿ, ಅದೇ ಉತ್ತರ ಕೊಟ್ಟರೆ ಸಾಕು. ಮನೆಯ ಇನ್ನೊಬ್ಬರಿಗೆ ಅಡ್ಮಿನ್ ಖಾತೆಯಿದ್ದರೆ ಅವರೂ ಬದಲಿಸಿಕೊಡಬಲ್ಲರು.

ಹಳೆಯ ಪಾಸ್‌ವರ್ಡನ್ನೇ ತಿಳಿಸಲು ಮಾತ್ರ ಕಂಪ್ಯೂಟರಿಗೆ ಆಗದು. 1960ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಪಾಸ್‌ವರ್ಡ್‌ಗಳನ್ನು ಇದ್ದಂತೆಯೇ ಕಡತದಲ್ಲಿಟ್ಟಿದ್ದರು. 1962ರಲ್ಲಿ ಆ್ಯಲನ್ ಶೆರ್ ಎಂಬ ಸಂಶೋಧಕ ಆ ಪಟ್ಟಿಯನ್ನೇ ಮುದ್ರಿಸಿಕೊಂಡ. ಇಂದಿನ ಯಂತ್ರಗಳು ಪಾಸ್‌ವರ್ಡಿನಿಂದ ಲೆಕ್ಕ ಹಾಕಿದ ಹ್ಯಾಶ್ ಮಾತ್ರ ಇಟ್ಟುಕೊಳ್ಳುತ್ತವೆ. ಅದರಿಂದ ಮೂಲಕ್ಕೆ ಮರಳುವ ನೇರ ದಾರಿಯಿಲ್ಲ.

48 ಅಂಕಿಗಳು

ಅಂಗಡಿಗೆ ಕೊಡಲೇಬೇಕಾದರೆ ‘ಮೊದಲು ಡೇಟಾ ತೆಗೆದುಕೊಡಿ’ ಎನ್ನಿ. ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ ಫೈಲುಗಳು ಸಾಮಾನ್ಯವಾಗಿ ಸಿಗುತ್ತವೆ. ಆದರೆ ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ತಂತ್ರಜ್ಞಾನ ತಾನಾಗಿಯೇ ಡಿಸ್ಕನ್ನು ಗೂಢಲಿಪಿಗೆ ತಿರುಗಿಸಿರುವುದುಂಟು. ಆಗ 48 ಅಂಕಿಗಳ ರಿಕವರಿ ಕೀ ಬೇಕೇ ಬೇಕು. ಅದು ಹೆಚ್ಚಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲೇ ಇರುತ್ತದೆ. ಅದೂ ಕಳೆದರೆ ಮೈಕ್ರೋಸಾಫ್ಟ್ ಕೂಡ ಹೊಸದನ್ನು ಮಾಡಿಕೊಡಲಾರದು.

ಬಿಲ್ ತೋರಿಸಿ ಎಂದು ಅಂಗಡಿಯವರು ಕೇಳಿದರೆ ಬೇಸರ ಬೇಡ. ಇನ್ನೊಬ್ಬರ ಕಂಪ್ಯೂಟರನ್ನು ಅನುಮತಿಯಿಲ್ಲದೆ ತೆರೆಯುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ತಪ್ಪು. ಕೇಳುವ ಅಂಗಡಿಯೇ ನಂಬಿಕೆಗೆ ಯೋಗ್ಯ.

ಕಂಪ್ಯೂಟರ್ ಸಲೀಸಾಗಿ ತೆರೆಯುತ್ತಿರುವ ಇಂದೇ ಖಾತೆಯ ಇಮೇಲ್, ಫೋನ್ ನಂಬರ್ ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಿ. ಆ 48 ಅಂಕಿಗಳನ್ನು ಬರೆದು ಮಾರ್ಕ್ಸ್ ಕಾರ್ಡ್ ಇರುವ ಫೈಲಿನಲ್ಲಿಡಿ. ಮುಖ್ಯವಾದ ಕಡತಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ. ಆಮೇಲೆ ಪಾಸ್‌ವರ್ಡ್ ಮರೆತರೂ ಕಳೆದುಕೊಳ್ಳುವುದು ಸ್ವಲ್ಪ ಸಮಯ ಮಾತ್ರ.