ಮಳೆಯ ಸರಾಸರಿಯೂ ಅದರ ಏರುಪೇರೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಎರೆಹೊಲಗಳಲ್ಲಿ ಹಿಂಗಾರಿ ಜೋಳವು ಮುಂಗಾರು ಮಳೆಯಿಂದ ನೆಲದಲ್ಲಿ ನಿಂತ ಹಸಿಯನ್ನು ನೆಚ್ಚಿ ಬೆಳೆಯುವುದು. ಆದುದರಿಂದ ಭೂಮಾಲಿಕರು ಮಳೆಯ ಸರಾಸರಿಯೊಂದನ್ನೇ ಅರಿತರೆ ಸಾಲದು. ಅದರ ಏರುಪೇರನ್ನೂ ಅರಿಯತಕ್ಕದ್ದು. ಪ್ರತಿವರ್ಷದ ಮಳೆಗೂ ಸರಾಸರಿಗೂ ಇರುವ ಅಂತರವನ್ನು ವರ್ಗಿಸಿ, ಆ ವರ್ಗಗಳ ಸರಾಸರಿಗೆ ವರ್ಗಮೂಲ ತೆಗೆದರೆ ಬರುವ ಅಂಕಿಯೇ ಮಾನಕ ವಿಚಲನೆ.

ಒಂದೂರಿನ ಜೂನ್ ಮೊದಲ್ಗೊಂಡು ಸೆಪ್ಟೆಂಬರ್ ವರೆಗಿನ ಮಳೆಯ ಸರಾಸರಿಯು 400, ವಿಚಲನೆಯು 100 ಮಿಲಿಮೀಟರೆಂದು ಭಾವಿಸೋಣ. ಗಂಟೆಯಾಕಾರದ ರೇಖೆಯನ್ನೆಳೆದು, ಶಿಖರದ ಕೆಳಗೆ 400, ಬಲಕ್ಕೆ 500, 600, 700, ಎಡಕ್ಕೆ 300, 200, 100 ಎಂದು ಗುರುತಿಸಬೇಕು. ಮಳೆಯ ಲೆಕ್ಕವು ಈ ಆಕಾರಕ್ಕೆ ಸರಿಸುಮಾರಾಗಿ ಹೊಂದಿದರೆ, ನೂರು ವರ್ಷಗಳಲ್ಲಿ ಸುಮಾರು 68 ವರ್ಷಗಳ ಮಳೆಯು 300ರಿಂದ 500ರೊಳಗೂ, 95ರದು 200ರಿಂದ 600ರೊಳಗೂ, ಹೆಚ್ಚುಕಡಿಮೆ ಎಲ್ಲವೂ 100ರಿಂದ 700ರೊಳಗೂ ಬೀಳುವುದು.

68ನ್ನು ಕಳೆದುಳಿದ 32ರಲ್ಲಿ ಅರ್ಧ, ಎಂದರೆ 16 ವರ್ಷಗಳಲ್ಲಿ ಮಳೆಯು 300ಕ್ಕಿಂತಲೂ ಕಡಿಮೆ. ಸರಾಸರಿಯ ಮುಕ್ಕಾಲು ಪಾಲನ್ನೂ ಮುಟ್ಟದ ಹಂಗಾಮನ್ನು ಭಾರತೀಯ ಹವಾಮಾನ ಇಲಾಖೆಯು ಬರವೆಂದೆಣಿಸುವುದು. ಹೀಗೆ ಬರವು ಸುಮಾರು ಆರು ವರ್ಷಕ್ಕೊಂದು. ಆದರೆ ಅದಕ್ಕೆ ಸರದಿಯಿಲ್ಲ, ಎರಡು ಬರಗಳು ಬೆನ್ನುಬೆನ್ನಿಗೆ ಬರಬಹುದು. ಆದಕಾರಣ ಸುಗ್ಗಿ ಚೆನ್ನಾದ ವರ್ಷವೇ ಬೀಜದ ಜೋಳವನ್ನೂ ಕಣಿಕೆಯ ಬಣವೆಯನ್ನೂ ಮುಂದಿನ ವರ್ಷಕ್ಕಾಗಿ ಕಾದಿಡುವುದು, ಹೊಲದ ಒಡ್ಡುಗಳನ್ನು ಮಳೆಗೆ ಮೊದಲೇ ದುರಸ್ತಿಮಾಡಿಸುವುದು ವಿವೇಕವು.