ಗಾಜು ಎಣಿಸಿ ಸಂಬಳ

ಸಾವಿರ ಬೀಡಿಗೆ ಇಷ್ಟು ಎಂದು ಎಣಿಸಿ ಕೂಲಿ ಕೊಡುವುದು ನಮ್ಮ ಕರಾವಳಿಗೆ ಹೊಸದಲ್ಲ. ಹೆಚ್ಚು ಮಾಡಿದವರಿಗೆ ಹೆಚ್ಚು ಕೊಟ್ಟರೆ ಕೆಲಸ ಹೆಚ್ಚುತ್ತದೆ ಎಂಬ ನಂಬಿಕೆಯೂ ಹಳೆಯದೇ. ಆದರೆ ಎಷ್ಟು ಹೆಚ್ಚುತ್ತದೆ, ಏಕೆ ಹೆಚ್ಚುತ್ತದೆ ಎಂದು ಕೇಳಿದರೆ ಅರ್ಥಶಾಸ್ತ್ರಜ್ಞರ ಹತ್ತಿರ ಸಿದ್ಧಾಂತ ಬೇಕಾದಷ್ಟಿತ್ತು, ಅಳತೆ ಕಡಿಮೆಯಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಡ್ವರ್ಡ್ ಲೆಜಿಯರ್ ಅವರಿಗೆ ಆ ಅಳತೆ ಸಿಕ್ಕಿದ್ದು ಕಾರಿನ ಒಡೆದ ಗಾಜು ಬದಲಿಸುವ ಕಂಪನಿಯೊಂದರ ಕಂಪ್ಯೂಟರಿನಲ್ಲಿ.

ಒಹಾಯೊ ರಾಜ್ಯದ ಸೇಫ್‌ಲೈಟ್ ಕಂಪನಿಯವರು 1994ರಲ್ಲಿ ಗಂಟೆ ಲೆಕ್ಕದ ಸಂಬಳ ಕೈಬಿಟ್ಟು, ಕೂರಿಸಿದ ಗಾಜಿಗೆ ಇಷ್ಟು ಎಂದು ಕೊಡತೊಡಗಿದರು. ದುಡಿಮೆ ಕಡಿಮೆಯಾದ ವಾರ ಹಳೆಯ ಸಂಬಳದ ಖಾತರಿ ಇತ್ತು. ಲೆಜಿಯರ್ ಅವರ ಅದೃಷ್ಟವೆಂದರೆ ಹೊಸ ಪದ್ಧತಿ ಎಲ್ಲ ಊರಿಗೂ ಒಂದೇ ದಿನ ಬರಲಿಲ್ಲ. ಒಂದು ಊರಿನವರು ಗಾಜು ಎಣಿಸುತ್ತಿದ್ದಾಗ ಇನ್ನೊಂದು ಊರಿನವರು ಗಡಿಯಾರವನ್ನೇ ನೋಡುತ್ತಿದ್ದರು. ಸುಮಾರು 3,000 ಕೆಲಸಗಾರರು ಯಾವ ತಿಂಗಳು ಎಷ್ಟು ಗಾಜು ಕೂರಿಸಿದರು ಎಂಬ 19 ತಿಂಗಳ ದಾಖಲೆ ಅವರ ಮುಂದಿತ್ತು.

ಒಟ್ಟು ಲೆಕ್ಕದಲ್ಲಿ ಕೆಲಸ ಶೇ. 44ರಷ್ಟು ಏರಿತ್ತು. ಅಷ್ಟಕ್ಕೇ ನಿಲ್ಲಿಸಿದ್ದರೆ ಇದೊಂದು ಸಾಮಾನ್ಯ ವರದಿಯಾಗುತ್ತಿತ್ತು. ಲೆಜಿಯರ್ ಪ್ರತಿಯೊಬ್ಬ ಕೆಲಸಗಾರನನ್ನೂ ಅವನ ಹಳೆಯ ತಿಂಗಳುಗಳ ಜೊತೆಗೇ ಹೋಲಿಸಿ ನೋಡಿದರು. ಆಗ ಏರಿಕೆ ಸುಮಾರು ಶೇ. 22ಕ್ಕೆ ಇಳಿಯಿತು. ಮಿಕ್ಕ ಅರ್ಧ ಎಲ್ಲಿಂದ ಬಂತು? ಬಹುಪಾಲು ಜನರೇ ಬದಲಾಗಿದ್ದರಿಂದ. ಗಂಟೆ ಲೆಕ್ಕದಲ್ಲಿ ಚುರುಕಿನವನಿಗೂ ನಿಧಾನಿಗೂ ಸಿಗುತ್ತಿದ್ದುದು ಒಂದೇ ಸಂಬಳ, ಹಾಗಾಗಿ ಚುರುಕಿನವನಿಗೆ ಅಲ್ಲೇ ಉಳಿಯಲು ಕಾರಣವಿರಲಿಲ್ಲ. ಈಗ ಅಂಥವರು ಬಿಟ್ಟುಹೋಗುವುದು ಕಡಿಮೆಯಾಯಿತು, ಹೊಸದಾಗಿ ಸೇರುವವರೂ ಅಂಥವರೇ ಆದರು. ಎಣಿಸಿ ಕೊಡುವ ಕೂಲಿ ಅಂದರೆ ಬೆನ್ನುತಟ್ಟುವಿಕೆ ಎಂದುಕೊಂಡಿದ್ದೇವೆ. ಅದು ಸದ್ದಿಲ್ಲದೆ ಆಯ್ಕೆ ಸಮಿತಿಯ ಕೆಲಸವನ್ನೂ ಮಾಡುತ್ತಿತ್ತು. ನನ್ನ ಮಟ್ಟಿಗೆ 2000ದಲ್ಲಿ ಪ್ರಕಟವಾದ ಲೆಜಿಯರ್ ಅವರ ಪ್ರಬಂಧದ ನಿಜವಾದ ಶೋಧ ಇದೇ.

ಅವಸರದಲ್ಲಿ ಕೆಲಸ ಕೆಡಲಿಲ್ಲವೇ? ಕೂರಿಸಿದ ಗಾಜು ಒಡೆದರೆ ಅದು ಯಾರ ಕೈಕೆಲಸ ಎಂದು ಪತ್ತೆ ಹಚ್ಚಬಹುದಿತ್ತು. ಅದನ್ನು ಅವನೇ ಪುಕ್ಕಟೆಯಾಗಿ ಮತ್ತೆ ಕೂರಿಸಿಕೊಡಬೇಕಿತ್ತು. ಮಕ್ಕಳಿಗೆ ಪಾಠ ಹೇಳುವವರಿಗೋ ರೋಗಿಯನ್ನು ನೋಡಿಕೊಳ್ಳುವವರಿಗೋ ಇದೇ ಸೂತ್ರ ಹಚ್ಚಹೊರಟವರು ಈ ಸಣ್ಣ ನಿಯಮವನ್ನು ಎರಡು ಸಲ ಓದಬೇಕು.

ಇನ್ನೊಂದು ಅಂಕಿಯೂ ಅದೇ ಪ್ರಬಂಧದಲ್ಲಿದೆ. ಶೇ. 22ರಷ್ಟು ಹೆಚ್ಚು ದುಡಿದವನ ಸಂಬಳ ಏರಿದ್ದು ಸುಮಾರು ಶೇ. 10. ಶೇ. 44ನ್ನು ಹೆಮ್ಮೆಯಿಂದ ಹೇಳುವ ಮ್ಯಾನೇಜರುಗಳು ಅದನ್ನೂ ಜೊತೆಗೆ ಹೇಳಿದರೆ ಒಳ್ಳೆಯದಿತ್ತು.