ನಿಂದಿತರಲ್ಲಿ ಒಬ್ಬ

ಮೈ ಬೆಳೆದವನ ಕಷ್ಟವನ್ನು ಮೈ ಬೆಳೆದವನೇ ಬರೆಯುವುದು ನಮ್ಮಲ್ಲಿ ಅಪರೂಪ. ಅವನನ್ನು ನೋಡಿ ನಗುವವರು ಬರೆದದ್ದೇ ಹೆಚ್ಚು. ನಾಟಕದ ವಿದೂಷಕನಿಗೆ ಹೊಟ್ಟೆಯಿರಬೇಕು; ವ್ಯಂಗ್ಯಚಿತ್ರದ ಸಾಹುಕಾರನಿಗೂ ಇರಬೇಕು. ಬಸ್ಸಿನಲ್ಲಿ ನಾನು ಹೋಗಿ ಕುಳಿತೆನೆಂದರೆ ಪಕ್ಕದವರು ಬಾಯಿ ಬಿಡದೆ, ಒಂದೇ ಒಂದು ನಿಟ್ಟುಸಿರಿನಿಂದ ತಮ್ಮ ಅಭಿಪ್ರಾಯವನ್ನು ತಿಳಿಸಿಬಿಡುತ್ತಾರೆ. ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾಗಿ ಮೈಸೂರಿನಲ್ಲಿ ನೆಲೆಸಿರುವ ನಾನು 2023ರಲ್ಲಿ, ನನ್ನ ಅರುವತ್ತನಾಲ್ಕನೆಯ ವಯಸ್ಸಿನಲ್ಲಿ, 91 ಕಿಲೋ ತೂಗುತ್ತಿದ್ದೆ. ಎತ್ತರವೋ 5 ಅಡಿ 5 ಅಂಗುಲ. ಈ ಎತ್ತರದವನು 68 ಕಿಲೋ ದಾಟಿದರೆ ಅದು ಸ್ಥೌಲ್ಯವೆಂದು ಈಗಿನ ನಮ್ಮ ವೈದ್ಯರ ಲೆಕ್ಕ. ಉಳಿದ 23 ಕಿಲೋವನ್ನು ನಾನು ಯಾರಿಗಾಗಿ ಹೊತ್ತು ತಿರುಗುತ್ತಿದ್ದೆನೋ ತಿಳಿಯದು. ನನ್ನ ಮಂಡಿಗಳಿಗಂತೂ ಆ ಸೇವೆ ಒಪ್ಪಿಗೆಯಾಗಿರಲಿಲ್ಲ.

ಮೊದಲು ನನ್ನ ಮೂರ್ಖತನವನ್ನು ಹೇಳಿ ಮುಗಿಸುತ್ತೇನೆ. ಜಾಹೀರಾತೊಂದರಲ್ಲಿ ಗಡ್ಡಧಾರಿ ಋಷಿಯ ಚಿತ್ರವನ್ನೂ ಅವನ ಪಕ್ಕದಲ್ಲಿಯೇ ಸೊಂಟ ಸಣ್ಣಗಾದ ತರುಣಿಯ ಚಿತ್ರವನ್ನೂ ಕಂಡು ಒಂದು ಡಬ್ಬಿ ಚೂರ್ಣ ತರಿಸಿದೆ. ಋಷಿಗಳ ಪಕ್ಕದಲ್ಲಿ ತರುಣಿ ಬಂದು ನಿಂತಾಗ ಏನಾಗುತ್ತದೆಂಬುದನ್ನು ತಿಳಿಯುವಷ್ಟು ಪುರಾಣಜ್ಞಾನ ನನಗೆ ಇದ್ದೇ ಇತ್ತು, ಆದರೂ ಮೋಸಹೋದೆ. ಹದಿನೈದು ದಿನ ಭೇದಿಯಾಗಿ ಮೂರು ಕಿಲೋ ಇಳಿಯಿತು. ಚೂರ್ಣ ಬಿಟ್ಟ ತಿಂಗಳೊಳಗೆ ನಾಲ್ಕು ಕಿಲೋ ಏರಿತು. ಅಸಲಿನ ಮೇಲೆ ಬಡ್ಡಿ. ಅಮೆರಿಕದ ವೈದ್ಯರು ಅಂತರ್ಜಾಲದಲ್ಲಿ ಮಾರುವ ಆಯುರ್ವೇದದ ಔಷಧಿಗಳನ್ನು ಕೊಂಡು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸುಮಾರು ಐದರಲ್ಲಿ ಒಂದು ಔಷಧಿಯಲ್ಲಿ ಸೀಸ, ಪಾದರಸ, ಶಂಖಪಾಷಾಣಗಳಲ್ಲಿ ಯಾವುದಾದರೂ ಒಂದು ಇತ್ತೆಂಬುದನ್ನು ಆಮೇಲೆ ಓದಿದೆ. ನನಗೆ ಬರೀ ಭೇದಿಯಾದದ್ದು ಪುಣ್ಯವೆಂದೇ ಎಣಿಸಬೇಕು.

ಇದಾದ ಮೇಲೆ ಡಾಕ್ಟರು ರಕ್ತ ತೆಗೆಸಿದರು. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಅಂಕಿ 6.3 ಇತ್ತು. 6.5 ಮುಟ್ಟಿದರೆ ಮಧುಮೇಹ. "ಹೊಸಿಲ ಮೇಲೆ ನಿಂತಿದ್ದೀರಿ. ಒಳಗೆ ಬರುವುದೋ ಹಿಂದಕ್ಕೆ ಹೋಗುವುದೋ ನಿಮಗೆ ಬಿಟ್ಟದ್ದು" ಎಂದರು. ಥೈರಾಯ್ಡ್ ಗ್ರಂಥಿ ಸರಿಯಾಗಿಯೇ ಇತ್ತು. ಆದುದರಿಂದ ತಪ್ಪನ್ನು ಹೊರಿಸುವುದಕ್ಕೆ ನನ್ನ ಹೊರತು ಬೇರೆ ಯಾರೂ ಉಳಿಯಲಿಲ್ಲ.

ನಮ್ಮ ಬಡಾವಣೆಯಲ್ಲಿ ವೃದ್ಧ ಪಂಡಿತರೊಬ್ಬರಿದ್ದಾರೆ. ಮೈಸೂರಿನಲ್ಲಿ ಆಯುರ್ವೇದದ ಕಾಲೇಜು ಹುಟ್ಟಿದ್ದು 1908ರಲ್ಲಿ. ಅಲ್ಲಿ ಕಲಿತು ಬಂದ ಪಂಡಿತರಿಗೆ ಈ ಊರಿನಲ್ಲಿ ಎಂದೂ ಬರವಿರಲಿಲ್ಲ. ಡಾಕ್ಟರ ಚೀಟಿಯನ್ನು ಹಿಡಿದುಕೊಂಡೇ ಇವರಲ್ಲಿಗೆ ಹೋದೆ. ಚೀಟಿಯನ್ನು ಆಮೂಲಾಗ್ರವಾಗಿ ಓದಿ, ನಾಡಿ ನೋಡಿ, ಕೇಳಿದರು:

"ಮೇಷ್ಟ್ರೇ, ನಿಮಗೆ ಹಸಿವಾಗುವುದು ಎಷ್ಟು ಹೊತ್ತಿಗೆ?"

"ಎಂಟಕ್ಕೆ ತಿಂಡಿ, ಹನ್ನೊಂದಕ್ಕೆ ಕಾಫಿಯ ಜೊತೆ ಏನಾದರೂ ಸ್ವಲ್ಪ, ಒಂದೂವರೆಗೆ ಊಟ..."

"ತಿನ್ನುವುದು ಯಾವಾಗ ಎಂದು ನಾನು ಕೇಳಲಿಲ್ಲ. ಹಸಿವಾಗುವುದು ಯಾವಾಗ ಎಂದು ಕೇಳಿದೆ."

ಎಷ್ಟು ಯೋಚಿಸಿದರೂ ನನಗೆ ಉತ್ತರ ಹೊಳೆಯಲಿಲ್ಲ. ಹಸಿವೆಂಬುದನ್ನು ಗಡಿಯಾರ ನೋಡಿ ತಿಳಿದುಕೊಳ್ಳುವ ಅಭ್ಯಾಸ ನನಗೆ ಶಾಲೆಯ ಗಂಟೆಯಿಂದಲೇ ಬಂದಿರಬೇಕು. ಹಿಂದೆ ಉಂಡದ್ದು ಜೀರ್ಣವಾಗುವ ಮೊದಲೇ ಅದರ ಮೇಲೆ ಉಣ್ಣುವುದಕ್ಕೆ ಶಾಸ್ತ್ರದಲ್ಲಿ ಅಧ್ಯಶನವೆಂದು ಹೆಸರು. ಶುದ್ಧವಾದ ತೇಗು, ಮೈ ಹಗುರವಾಗುವುದು, ಹಸಿವು ಬಾಯಾರಿಕೆಗಳು ತಾವಾಗಿ ಹುಟ್ಟುವುದು, ಇವು ಜೀರ್ಣವಾದ ಗುರುತು. ಈ ಗುರುತು ಕಂಡ ಹೊರತು ಬಾಯಿಗೆ ಏನನ್ನೂ ಹಾಕಬೇಡಿರೆಂದು ಹೇಳಿದರು. ಔಷಧಿ ಬರೆಯಲಿಲ್ಲ. ನನ್ನ ಮುಖ ಸಪ್ಪಗಾದದ್ದನ್ನು ಕಂಡೋ ಏನೋ, ಎದ್ದುಹೋಗಿ ಕಪಾಟಿನಿಂದ ಚರಕಸಂಹಿತೆಯ ತಾತ್ಪರ್ಯಸಹಿತವಾದ ಹಳೆಯ ಪ್ರತಿಯೊಂದನ್ನು ತಂದು, "ಸೂತ್ರಸ್ಥಾನದ 21ನೆಯ ಅಧ್ಯಾಯ ಓದಿ ಬನ್ನಿ. ನಿಮ್ಮ ವಿಷಯವೇ ಇದೆ" ಎಂದರು.

ಆ ಅಧ್ಯಾಯದ ಹೆಸರು ಅಷ್ಟೌನಿಂದಿತೀಯ. ದೇಹದ ಕಾರಣದಿಂದ ಲೋಕದ ನಿಂದೆಗೆ ಗುರಿಯಾಗುವವರು ಎಂಟು ಮಂದಿಯೆಂದು ಅದು ಪ್ರಾರಂಭವಾಗುತ್ತದೆ: ಅತಿ ಎತ್ತರದವನು, ಅತಿ ಕುಳ್ಳ, ಅತಿ ರೋಮದವನು, ರೋಮವೇ ಇಲ್ಲದವನು, ಅತಿ ಕಪ್ಪು, ಅತಿ ಬಿಳುಪು, ಅತಿ ಸ್ಥೂಲ, ಅತಿ ಕೃಶ. ಮೊದಲಿನ ಆರು ಮಂದಿಯನ್ನು ಚರಕ ಹೆಸರಿಸಿ ಬಿಟ್ಟುಬಿಡುತ್ತಾನೆ. ಕಡೆಯ ಇಬ್ಬರ ಬಳಿ ಮಾತ್ರ ನಿಲ್ಲುತ್ತಾನೆ. ಆಯುಸ್ಸು ಕುಗ್ಗುವುದು, ನಡಿಗೆ ತಡೆಯುವುದು, ಬಲವಿಲ್ಲದಿರುವುದು, ಬೆವರಿನ ಕಾಟ, ದುರ್ಗಂಧ ಮೊದಲಾಗಿ ಸ್ಥೂಲನ ಎಂಟು ಕಷ್ಟಗಳನ್ನು ಎಣಿಸುವಾಗ ಅತಿ ಹಸಿವು, ಅತಿ ಬಾಯಾರಿಕೆಗಳನ್ನೂ ಅವನು ಆ ಪಟ್ಟಿಗೆ ಸೇರಿಸುತ್ತಾನೆ. ಬೆಳೆದ ಮೇದಸ್ಸು ಸ್ರೋತಸ್ಸುಗಳ ದಾರಿ ಕಟ್ಟುತ್ತದಂತೆ; ಹೊರಬರಲಾರದ ವಾಯು ಕೋಷ್ಠದಲ್ಲಿಯೇ ಸುಳಿಸುಳಿದು ಅಗ್ನಿಯನ್ನು ಊದುತ್ತದಂತೆ; ಉಂಡದ್ದು ಬೇಗ ಕರಗಿ ಮತ್ತೆ ಹಸಿವು. ಕಾಡ್ಗಿಚ್ಚು ಕಾಡನ್ನು ಸುಡುವಂತೆ ಈ ಅಗ್ನಿ ವಾಯುಗಳು ಸ್ಥೂಲನನ್ನು ಸುಡುತ್ತವೆಂದು ಹೋಲಿಕೆ.

ಆ ಹೋಲಿಕೆಯ ಬಳಿ ಬಂದು ನಾನು ಪುಸ್ತಕವನ್ನು ಮುಚ್ಚಿದೆ.

ನನ್ನ ತಾಯಿ ದಪ್ಪನೆಯ ಹೆಂಗಸು. ಹಾಸನದ ಸೀಮೆಯ ನಮ್ಮ ಮನೆಯಲ್ಲಿ 1960ರ ದಶಕದಲ್ಲಿ ದಿನಕ್ಕೆ ಹನ್ನೆರಡು ಎಲೆ ಬೀಳುತ್ತಿದ್ದವು. ಗಂಡಸರು, ಮಕ್ಕಳು, ಬಂದವರು ಹೋದವರು, ಆಮೇಲೆ ಅತ್ತೆ. ಅಮ್ಮ ಉಣ್ಣುವಾಗ ಮಧ್ಯಾಹ್ನ ಮೂರು ಗಂಟೆ. ಉಳಿದ ಅನ್ನ, ತಪ್ಪಲೆಯ ತಳದ ಸಾರು, ಹಾಳಾಗಬಾರದೆಂದು ಹಿಂದಿನ ರಾತ್ರಿಯದೂ ಸ್ವಲ್ಪ. ಉಂಡ ಮೇಲೆ ಒಂದು ಚೆಂಬು ನೀರು ಕುಡಿದು ಅಡಿಗೆಮನೆಯ ತಂಪು ನೆಲದ ಮೇಲೆ ಒರಗಿದರೆ ಐದು ಗಂಟೆಯ ಹಾಲು ಕರೆಯುವವರೆಗೆ ನಿದ್ದೆ. ಮದುವೆಯ ಮನೆಯೊಂದರಲ್ಲಿ ನೆಂಟರೊಬ್ಬರು, "ಅವಳು ಬಡಿಸೋಕ್ಕೆ ಮುಂಚೆ ಒಳಗೇ ಒಂದು ಪಂಕ್ತಿ ಮುಗಿಸಿರ್ತಾಳೆ" ಎಂದರು. ಪಂಕ್ತಿಯೆಲ್ಲ ನಕ್ಕಿತು. ಒಂಬತ್ತು ವರ್ಷದ ನಾನೂ ನಕ್ಕೆ. ಅಮ್ಮನೂ ನಕ್ಕಳು, ಕೈಯಲ್ಲಿ ಹುಳಿಯ ಬಕೆಟ್ಟು ಹಿಡಿದು. ಅವಳು ಅಂದು ಬೆಳಗಿನಿಂದ ಏನೂ ತಿಂದಿರಲಿಲ್ಲ. ಒಮ್ಮೆ ನನ್ನೊಬ್ಬನ ಹತ್ತಿರ ಹೇಳಿದ್ದಳು: "ಹೊಟ್ಟೆಯೊಳಗೆ ಒಲೆ ಉರಿದ ಹಾಗೆ ಆಗುತ್ತೆ ಕಣೋ. ಯಾರಿಗೆ ಹೇಳಲಿ?" ಮಂಡಿ ಹೋಗಿ, ಸಕ್ಕರೆ ಕಾಯಿಲೆ ಬಂದು 1987ರಲ್ಲಿ ತೀರಿಕೊಂಡಳು. ಅವಳ ಒಲೆಯ ಮಾತು ಸಾವಿರಾರು ವರ್ಷದ ಹಿಂದಿನ ಪುಸ್ತಕದಲ್ಲಿ ಇದ್ದೀತೆಂದು ನನಗೆ ಹೇಗೆ ತಿಳಿಯಬೇಕು?

ಚರಕ ಹೇಳುವ ವಾಯುವನ್ನು ನಾನು ನೋಡಿಲ್ಲ. ಅದನ್ನು ಇಂದಿನ ದೇಹಶಾಸ್ತ್ರವೆಂದು ಒಪ್ಪಿರಿ ಎನ್ನುವುದೂ ಇಲ್ಲ. ಆದರೆ ಕೊಬ್ಬಿನ ಕೋಶಗಳೇ ಹಸಿವಿನ ವಿಷಯವಾಗಿ ಮಿದುಳಿಗೆ ಓಲೆ ಕಳುಹಿಸುತ್ತವೆಂಬುದು, ಲೆಪ್ಟಿನ್ ಎಂಬ ಸ್ರಾವ ಸಿಕ್ಕಿ, ಪಾಶ್ಚಾತ್ಯ ವೈದ್ಯಕ್ಕೆ ಗೊತ್ತಾದದ್ದು 1994ರಲ್ಲಿ. ದಪ್ಪನೆಯವನ ಹಸಿವು ಸುಳ್ಳಲ್ಲ, ಅದು ಬರೀ ಹೊಟ್ಟೆಬಾಕತನವಲ್ಲ ಎಂಬಷ್ಟನ್ನು ಇಬ್ಬರೂ ಹೇಳುತ್ತಾರೆ. ಕಾರಣಗಳ ಪಟ್ಟಿಯಲ್ಲಿ ಅತಿಭೋಜನ, ಸಿಹಿ, ಜಿಡ್ಡು, ವ್ಯಾಯಾಮವಿಲ್ಲದಿರುವುದು, ಹಗಲು ನಿದ್ದೆಗಳ ಜೊತೆಗೆ ಬೀಜಸ್ವಭಾವವನ್ನೂ ಚರಕ ಹೇಳಿದ್ದಾನೆ. ಅಮ್ಮನ ಬೀಜ ನನ್ನಲ್ಲಿದೆ.

ಚಿಂತೆಯಿಲ್ಲದಿರುವುದೂ ಆ ಪಟ್ಟಿಯಲ್ಲಿದೆ! ಮೈ ಇಳಿಯಬೇಕಾದರೆ ಜಾಗರಣೆ ವ್ಯಾಯಾಮಗಳ ಜೊತೆಗೆ ಚಿಂತೆಯನ್ನೂ ಕ್ರಮವಾಗಿ ಹೆಚ್ಚಿಸಿಕೊಳ್ಳಬೇಕಂತೆ. ಪಿಂಚಣಿ ಬರುತ್ತಿರುವ ನಾನು ಚಿಂತೆಯನ್ನು ಎಲ್ಲಿಂದ ತರಲಿ ಎಂದರೆ, ಅದನ್ನು ತಾನು ಒದಗಿಸುವೆನೆಂದು ನನ್ನ ಹೆಂಡತಿ ಮುಂದೆ ಬಂದಳು.

ಇನ್ನು ಆಹಾರದ ಮಾತು. ಸ್ಥೂಲನಿಗೆ ಹಗುರವಾದದ್ದನ್ನು ಕೊಡಬೇಕೆಂದು ನಾವೆಲ್ಲ ತಿಳಿದಿದ್ದೇವೆ. ಶಾಸ್ತ್ರ ಹೇಳುವುದು ಬೇರೆ: ಗುರುವೂ ಆಗಿರಬೇಕು, ಅತರ್ಪಣವೂ ಆಗಿರಬೇಕು. ಹೊಟ್ಟೆಗೆ ಭಾರ, ಮೈಗೆ ಬಡತನ. ಹಗುರವಾದದ್ದು ಆ ಬೆಂಕಿಯಲ್ಲಿ ಕ್ಷಣದಲ್ಲಿ ಉರಿದುಹೋಗುತ್ತದೆ. ನಿಧಾನವಾಗಿ ಕರಗುವ, ಆದರೆ ಕೊಬ್ಬನ್ನು ಬೆಳೆಸದ ಧಾನ್ಯ ಬೇಕು. ಅವನು ಹೆಸರಿಸುವ ಪ್ರಿಯಂಗುವೆಂದರೆ ನಮ್ಮ ನವಣೆ, ಕೋದ್ರವವೆಂದರೆ ಹಾರಕ, ಶ್ಯಾಮಾಕ ಸಾಮೆ ಊದಲುಗಳ ಬಳಗ, ಕುಲತ್ಥ ಹುರುಳಿ, ಮುದ್ಗ ಹೆಸರು. ಜವೆಯೂ ನೆಲ್ಲಿಯೂ ಉಂಟು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಅಂಗಡಿಯವರು ಇವಕ್ಕೆ ಅಕ್ಕಿಗಿಂತ ಹೆಚ್ಚು ಬೆಲೆ ಕಟ್ಟಿದ್ದಾರೆ. ಬಡವರು ಉಣ್ಣುತ್ತಿದ್ದಾಗ ಇವು ಸಿರಿಯಾಗಿರಲಿಲ್ಲ. ಪಂಡಿತರು ನನಗೆ ಹೇಳಿದ್ದು ರಾಗಿಯ ಮುದ್ದೆ, ಹುರುಳಿಯ ಸಾರು. ಮುದ್ದೆ ಉಂಡರೆ ಮೈ ತಾನಾಗಿ ಇಳಿಯುವುದೆಂದು ವಾಚಕರು ನಂಬಬಾರದು. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಇದ್ದರೆ ರಾಗಿಯಲ್ಲಿ ಸುಮಾರು 320. ಅಂತರ ಶಾಖದಲ್ಲಿಲ್ಲ, ನಾರಿನಲ್ಲಿದೆ. ಒಂದು ಮುದ್ದೆ ಉಂಡವನಿಗೆ ಎರಡನೆಯದು ಬೇಕೆನಿಸುವುದಿಲ್ಲ. ಅನ್ನದ ವಿಷಯದಲ್ಲಿ ನನಗೆ ಹಾಗೆ ಎಂದೂ ಅನಿಸಿದ್ದಿಲ್ಲ.

ಬೆಳಗಾದರೆ ಬಿಸಿನೀರಿಗೆ ಜೇನು ಬೆರೆಸಿ ಕುಡಿಯುವ ಮಿತ್ರರು ನನಗೆ ಅನೇಕರಿದ್ದಾರೆ, ಆಯುರ್ವೇದವೆಂದೇ ಕುಡಿಯುತ್ತಾರೆ. ಜೇನುನೀರನ್ನು ಸ್ಥೂಲನಿಗೆ ಅನುಪಾನವಾಗಿ ಹೇಳಿರುವುದು ನಿಜ. ಆದರೆ ಜೇನನ್ನು ಕಾಯಿಸುವುದನ್ನೂ ಬಿಸಿಯಾದದ್ದರ ಜೊತೆ ಸೇರಿಸುವುದನ್ನೂ ಅದೇ ಶಾಸ್ತ್ರ ನಿಷೇಧಿಸುತ್ತದೆ. ಇದನ್ನು ಹೇಳಿ ಇಬ್ಬರು ಮಿತ್ರರನ್ನು ಕಳೆದುಕೊಂಡೆ.

ನೀರಿನ ಲೆಕ್ಕ ವಾಗ್ಭಟನದು: ಊಟಕ್ಕೆ ಮೊದಲು ಕುಡಿದರೆ ಕೃಶ, ನಡುವೆ ಕುಡಿದರೆ ಸಮ, ಕೊನೆಯಲ್ಲಿ ಕುಡಿದರೆ ಸ್ಥೂಲ. ಅಮ್ಮನ ಚೆಂಬು ನೆನಪಾಯಿತು. ಹೊಟ್ಟೆಯ ಎರಡು ಭಾಗವನ್ನು ಅನ್ನಕ್ಕೆ, ಒಂದನ್ನು ನೀರಿಗೆ ಕೊಟ್ಟು, ನಾಲ್ಕನೆಯದನ್ನು ಗಾಳಿಗೆ ಖಾಲಿ ಬಿಡಬೇಕೆಂಬುದೂ ಅವನ ಮಾತೇ. ನನ್ನ ಆ ನಾಲ್ಕನೆಯ ಭಾಗವನ್ನು ಬಹುಕಾಲದಿಂದ ಮೈಸೂರುಪಾಕು ಒತ್ತುವರಿ ಮಾಡಿಕೊಂಡಿತ್ತು.

ವ್ಯಾಯಾಮದ ಉತ್ಸಾಹದಲ್ಲಿ ಮೊದಲ ದಿನವೇ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲು ಹೋಗಿ, ನಂದಿಯ ದರ್ಶನಕ್ಕೂ ಮುಂಚೆಯೇ ಕಣ್ಣು ಕತ್ತಲೆ ಬಂದು ಕುಳಿತೆ. ಪಂಡಿತರು ಬೈದರು. ಅರ್ಧಶಕ್ತಿಯವರೆಗೆ ಮಾತ್ರ ಶ್ರಮಪಡಬೇಕಂತೆ. ಹಣೆ ಮೂಗು ಕಂಕುಳುಗಳಲ್ಲಿ ಬೆವರು ಮೂಡಿ ಬಾಯಿಯಿಂದ ಉಸಿರು ಬರತೊಡಗಿದರೆ ಅಲ್ಲಿಗೆ ಸಾಕು. ಈಗ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತೇನೆ. ಹಗಲು ನಿದ್ದೆಗೆ ಬೇಸಗೆಯಲ್ಲಿ ಮಾತ್ರ ಅಪ್ಪಣೆ. ವರ್ಷದಲ್ಲಿ ಎಂಟು ತಿಂಗಳು ಬೇಸಗೆಯೇ ಅಲ್ಲವೆ ಎಂದು ವಾದಿಸಿ ನೋಡಿದೆ, ನಡೆಯಲಿಲ್ಲ. ಕುಳಿತು ತೂಕಡಿಸುವುದಕ್ಕೆ ಮಾತ್ರ ಶಾಸ್ತ್ರದ ಆಕ್ಷೇಪಣೆಯಿಲ್ಲವಂತೆ. ಸಭೆಗಳಿಗೆ ಹೋಗುವುದನ್ನು ಹೆಚ್ಚಿಸಿದ್ದೇನೆ.

ನನ್ನನ್ನು ನಿಜವಾಗಿ ಉಳಿಸಿದ್ದು ಪಾದಾಂಶಕ್ರಮ. ರೂಢಿಯಾದ ಕೆಟ್ಟದ್ದನ್ನು ಒಮ್ಮೆಲೇ ಬಿಡಬಾರದು, ಕಾಲುಭಾಗ ಕಾಲುಭಾಗವಾಗಿ ಬಿಡಬೇಕೆಂದು ಚರಕನೇ ಇನ್ನೊಂದು ಕಡೆ ಹೇಳಿದ್ದಾನೆ. ಕಾಫಿಯ ಎರಡು ಚಮಚ ಸಕ್ಕರೆ ಒಂದೂವರೆಯಾಯಿತು, ತಿಂಗಳು ಕಳೆದು ಒಂದಾಯಿತು, ಅರ್ಧವಾಯಿತು, ಯಾವಾಗ ಹೋಯಿತೋ ನಾಲಗೆಗೂ ತಿಳಿಯಲಿಲ್ಲ. ಹನ್ನೊಂದು ಗಂಟೆಯ "ಏನಾದರೂ ಸ್ವಲ್ಪ" ಹೋಗುವುದಕ್ಕೆ ಐದು ತಿಂಗಳು ಹಿಡಿಯಿತು. ಒಂದು ದಿನ ಮಧ್ಯಾಹ್ನ, ಕೆರೆಯ ಕಡೆಯಿಂದ ಬಂದು ಕುಳಿತಿದ್ದಾಗ, ಹೊಟ್ಟೆಯಲ್ಲಿ ಏನೋ ಮೆಲ್ಲಗೆ ಕರೆದಂತಾಯಿತು. ಗಡಿಯಾರ ನೋಡಿರಲಿಲ್ಲ. ಹಳೆಯ ಸ್ನೇಹಿತನ ದನಿ ಕೇಳಿದಂತೆ ಸಂತೋಷವಾಯಿತು. ಹದಿನಾಲ್ಕು ತಿಂಗಳಲ್ಲಿ 91 ಹೋಗಿ 82 ಆಯಿತು, ಸಕ್ಕರೆ 5.8ಕ್ಕೆ ಬಂತು. ಡಾಕ್ಟರು ಪೂರ್ತಿ ತೃಪ್ತರಾಗಿಲ್ಲ. ನಾನೂ ಇಲ್ಲ.

ಈ ಲೆಕ್ಕವನ್ನು ತೋರಿಸಲು ಹೆಂಡತಿಯೊಡನೆ ಪಂಡಿತರ ಮನೆಗೆ ಹೋಗಿದ್ದೆ. ಅವರು ನನ್ನ ಕಾಗದವನ್ನು ಬದಿಗಿಟ್ಟು ಅವಳ ಕಡೆ ತಿರುಗಿ, "ಅಮ್ಮಾ, ನೀವು ಊಟ ಮಾಡುವುದು ಎಷ್ಟು ಹೊತ್ತಿಗೆ?" ಎಂದರು.

ಅವಳು ನನ್ನ ಮುಖ ನೋಡಿದಳು. "ಇವರದಾಗಿ, ಅಡಿಗೆಮನೆ ಒಂದು ಸ್ಥಿತಿಗೆ ಬಂದ ಮೇಲೆ" ಎಂದಳು. ಮೂವತ್ತೇಳು ವರ್ಷದ ದಾಂಪತ್ಯದಲ್ಲಿ ನಾನು ಕೇಳದ ಪ್ರಶ್ನೆ ಅದು. ನನಗೆ ಅಳತೆ ಮಾಡಿ ಒಂದೇ ಮುದ್ದೆ ಬಡಿಸುತ್ತಿದ್ದವಳು ನನ್ನ ಪಾಲಿನ ಉಳಿದ ಅನ್ನವನ್ನು, ಹಾಳಾಗಬಾರದೆಂದು, ತಾನು ಉಣ್ಣುತ್ತಿದ್ದಳೆಂಬುದೂ ಅಂದೇ ಹೊರಬಿತ್ತು.

ಈ ವರ್ಷ ಅಮ್ಮನ ಶ್ರಾದ್ಧದ ದಿನ ಬ್ರಾಹ್ಮಣರ ಊಟವಾಗಿ, ಪಿಂಡಪ್ರದಾನ ಮುಗಿದಾಗ ಮೂರು ಗಂಟೆ. ಬೆಳಗಿನಿಂದ ಬರಿಹೊಟ್ಟೆ, ಒಳಗೆ ಒಲೆ ಚೆನ್ನಾಗಿ ಹೊತ್ತಿಕೊಂಡಿತ್ತು. ಎರಡು ಎಲೆ ಹಾಕೆಂದೆ. "ನೀವು ಕೂತುಕೊಳ್ಳಿ, ಬಡಿಸಿ ಆಮೇಲೆ ನಾನು" ಎಂದಳು. ಪಾತ್ರೆಗಳನ್ನು ನಾನೇ ಒಂದೊಂದಾಗಿ ಹೊತ್ತು ತಂದು ಎಲೆಗಳ ನಡುವೆ ಇಟ್ಟೆ. ಹುಳಿ ಸ್ವಲ್ಪ ನೆಲಕ್ಕೆ ಚೆಲ್ಲಿತು. ಅವಳು ಒರೆಸಲು ಬಟ್ಟೆ ತರಹೋದವಳು ನಿಂತು, ಏನೋ ಯೋಚಿಸಿ, ಹಿಂದಕ್ಕೆ ಬಂದು ಕುಳಿತಳು. ಉಣ್ಣಲು ತೊಡಗುವ ಮೊದಲು ನನ್ನ ಎಳ್ಳುಂಡೆಯನ್ನು ಮುರಿದು ಅರ್ಧವನ್ನು ಅವಳ ಎಲೆಗೆ ಹಾಕಿದೆ.